1966ರ ಬೇಲಿ



ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಒಮ್ಮೆ ನಡೆದಾಡಿದವರಿಗೆ ಆ ಘಾಟಿನ ಪರಿಚಯ ಹೇಳಬೇಕಾಗಿಲ್ಲ. ಗೋದಾಮಿನ ಬಾಗಿಲು ತೆರೆದರೆ ಸಾಕು, ಹೊಸಬರಿಗೆ ಸೀನು ತಡೆಯದು. ಓಣಿಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರಿಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಅವರಿಗೆ ಅದು ಮನೆಯ ಗಾಳಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಈ ಐದು ತಾಲ್ಲೂಕುಗಳ ವೀಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ತಂಬಾಕು ಮತ್ತು ಆರೋಗ್ಯದ ಬಗ್ಗೆ ಒಂದು ಸಂವಾದ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿಜ್ಞಾನ ಪದವೀಧರನೆಂಬ ಹೆಮ್ಮೆಯಿಂದ ನಾನೇ ಕಂಪ್ಯೂಟರ್ ಮುಂದೆ ಕುಳಿತೆ. ಜಗತ್ತಿನ ವೈದ್ಯಕೀಯ ಲೇಖನಗಳ ವಿವರವನ್ನು ಕೂಡಿಟ್ಟಿರುವ 'ಪಬ್‌ಮೆಡ್' ಎಂಬ ಸೂಚಿಯಲ್ಲಿ ತಂಬಾಕು, ಬಾಯಿಯ ಕ್ಯಾನ್ಸರ್ ಎಂದು ಕೇಳಿದಾಗ ಸಾವಿರಾರು ಲೇಖನಗಳು ಬಂದು ನಿಂತವು. ಪಕ್ಕದಲ್ಲೇ 'ಕಳೆದ 10 ವರ್ಷ' ಎಂಬ ಆಯ್ಕೆ ಇತ್ತು. ಒತ್ತಿದೆ. ಪಟ್ಟಿ ಚಿಕ್ಕದಾಯಿತು, ಮನಸ್ಸೂ ಹಗುರಾಯಿತು.

ಸಂವಾದಕ್ಕೆ ಬರಲೊಪ್ಪಿದ್ದ ಆ ಭಾಗದ ಹಿರಿಯ ವೈದ್ಯರೊಬ್ಬರ ಮುಂದೆ ಪಟ್ಟಿ ಇಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ಪೂರ್ತಿ ನೋಡಿದರು. "ಎಲ್ಲಾ ಛಲೋ ಐತ್ರಿ ಸಾಹೇಬ್ರ. ಆದ್ರ ಇದರಾಗ ಮುಂಬೈದವರ 1955ರ ಕೆಲಸ ಎಲ್ಲೈತಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ತಿಳಿದ ಚರಿತ್ರೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಸೂಚಿಯ ಕಥೆ

ವೈದ್ಯಕೀಯ ಬರಹಗಳಿಗೆಲ್ಲ ಒಂದು ಸೂಚಿ ಬೇಕೆಂದು ಹಟ ಹಿಡಿದವರು ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್. ಅವರ ಶ್ರಮದಿಂದ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕ ಸೂಚಿ ಹೊರಬಂದಿತು. ದಪ್ಪ ದಪ್ಪ ಸಂಪುಟಗಳು. ಬೇಕಾದುದನ್ನು ಬೆರಳಿಟ್ಟು ಹುಡುಕಬೇಕು. 1964ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಈ ಕೆಲಸಕ್ಕೆ ಕಂಪ್ಯೂಟರನ್ನು ಹಚ್ಚಿತು. 1971ರಲ್ಲಿ ದೂರದಿಂದಲೇ ಹುಡುಕಬಹುದಾದ 'ಮೆಡ್‌ಲೈನ್' ಬಂದಿತು. 1997ರಲ್ಲಿ ಪಬ್‌ಮೆಡ್ ಮೂಲಕ ಅದು ಎಲ್ಲರಿಗೂ ಉಚಿತವಾಯಿತು.

ಆದರೆ ಬಹುಕಾಲ ಮೆಡ್‌ಲೈನ್ ಹಿಂದಕ್ಕೆ ಹೋಗುತ್ತಿದ್ದುದು 1966ರವರೆಗೆ ಮಾತ್ರ. ಅದಕ್ಕಿಂತ ಹಳೆಯದು ಮುದ್ರಿತ ಸಂಪುಟಗಳಲ್ಲೇ ಉಳಿದಿತ್ತು. 1966 ಎಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಯಾವ ಗಡಿಯೂ ಅಲ್ಲವೆಂಬುದನ್ನು ಗಮನಿಸಬೇಕು. ಅದು ಯಂತ್ರದ ಅನುಕೂಲಕ್ಕೆ ಬಿದ್ದ ಗೆರೆ. ಹುಡುಕುವವರು ಮಾತ್ರ ಕ್ರಮೇಣ ಗೆರೆಯಾಚೆ ಏನೂ ಇಲ್ಲವೆಂದೇ ತಿಳಿಯತೊಡಗಿದರು.

ಬಾಲ್ಟಿಮೋರ್‌ನ ಸಾವು

ಇದರ ಬೆಲೆ ಏನೆಂದು ತಿಳಿದದ್ದು 2001ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾ ಕುರಿತ ಪ್ರಯೋಗವೊಂದು ನಡೆದಿತ್ತು. ಆರೋಗ್ಯವಂತರ ಶ್ವಾಸನಾಳಗಳು ಮುಚ್ಚಿಕೊಳ್ಳದೆ ಹೇಗೆ ತೆರೆದಿರುತ್ತವೆ ಎಂಬುದು ಪ್ರಶ್ನೆ. ಅದಕ್ಕಾಗಿ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ಕೊಡಲಾಯಿತು. ಅಲ್ಲಿಯೇ ತಂತ್ರಜ್ಞೆಯಾಗಿದ್ದ, 24 ವರ್ಷ ವಯಸ್ಸಿನ ಎಲೆನ್ ರೋಶ್ ಅವರಲ್ಲಿ ಒಬ್ಬರು. ಮೇ ತಿಂಗಳ ಮೊದಲ ವಾರ ಔಷಧ ಒಳಕ್ಕೆಳೆದುಕೊಂಡರು. ಕೆಮ್ಮು ಶುರುವಾಯಿತು. ಶ್ವಾಸಕೋಶ ಕೆಡುತ್ತಾ ಹೋಯಿತು. ಜೂನ್ 2ರಂದು ತೀರಿಕೊಂಡರು.

ಪ್ರಯೋಗಕ್ಕೆ ಮುನ್ನ ಸಂಶೋಧಕರು ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಅದು ಆಗ 1966ಕ್ಕೆ ನಿಲ್ಲುತ್ತಿತ್ತು. ಹೆಕ್ಸಾಮೆಥೋನಿಯಂ ರಕ್ತದೊತ್ತಡದ ಔಷಧವಾಗಿ ಬಳಕೆಯಲ್ಲಿದ್ದುದು 1950ರ ದಶಕದಲ್ಲಿ. ಅದನ್ನು ಸೇವಿಸಿದ ಕೆಲವರ ಶ್ವಾಸಕೋಶಕ್ಕೆ ಹಾನಿಯಾಯಿತೆಂದು ವೈದ್ಯರು ಬರೆದಿಟ್ಟದ್ದೂ ಆಗಲೇ. ಎಚ್ಚರಿಕೆ ಗ್ರಂಥಾಲಯದ ಕಪಾಟಿನಲ್ಲಿತ್ತು, ಪರದೆಯ ಮೇಲೆ ಇರಲಿಲ್ಲ. ಸಾವಿಗೆ ಹುಡುಕಾಟದ ಕೊರತೆಯೊಂದೇ ಕಾರಣವೆಂದರೆ ತಪ್ಪಾದೀತು. ಒಪ್ಪಿಗೆ ಪತ್ರದಲ್ಲಿ, ಪ್ರಯೋಗಕ್ಕೆ ಅನುಮತಿ ಕೊಟ್ಟ ಸಮಿತಿಯ ಪರಿಶೀಲನೆಯಲ್ಲಿ ಕೂಡ ಲೋಪಗಳಿದ್ದುದು ತನಿಖೆಯಲ್ಲಿ ಕಂಡುಬಂದಿತು. ಆದರೂ ಜಗತ್ತಿನ ಗ್ರಂಥಪಾಲಕರು ಈ ಘಟನೆಯನ್ನು ಮರೆತಿಲ್ಲ.

ಬಾಲ್ಟಿಮೋರ್‌ಗೂ ನಿಪ್ಪಾಣಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಒಂದು ಸಣ್ಣ ಸಂಬಂಧವುಂಟು. ನರಗಂಟುಗಳಲ್ಲಿ ಹೆಕ್ಸಾಮೆಥೋನಿಯಂ ಹೋಗಿ ತಡೆಯುವುದು ತಂಬಾಕಿನ ನಿಕೋಟಿನ್ ಬಂದು ತಟ್ಟುವ ಬಾಗಿಲನ್ನೇ. 1889ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿ ನಿಕೋಟಿನ್ ಹಚ್ಚಿಯೇ ಆ ನರಗಂಟುಗಳ ಗುಟ್ಟನ್ನು ಬಿಡಿಸಿದ್ದರು. ದೊಡ್ಡ ಸಂಬಂಧ ಬೇರೆಯೇ ಇದೆ. ಅದು ನನ್ನ ಪಟ್ಟಿಯಲ್ಲಿ ಇಲ್ಲದ ಲೇಖನಗಳದು.

ಮೊದಲೇ ಗೊತ್ತಿದ್ದ ಮಾತು

ತಂಬಾಕು ಅರೆಯುವ ಕೆಲಸಗಾರರಿಗೆ ತಲೆನೋವು, ತಲೆಸುತ್ತು ಬರುತ್ತದೆಂದು ಇಟಲಿಯ ವೈದ್ಯ ರಾಮಜ್ಜೀನಿ ಕಸುಬಿನ ರೋಗಗಳ ಬಗೆಗಿನ ತಮ್ಮ ಗ್ರಂಥದಲ್ಲಿ ಬರೆದದ್ದು 1700ರಲ್ಲಿ. ತಿರುವಾಂಕೂರಿನಲ್ಲಿ ಎಲೆಅಡಿಕೆ ಜಗಿಯುವವರ ಬಾಯಿಯ ಕ್ಯಾನ್ಸರ್ ಕುರಿತು ಡಾ. ಓರ್ ಅವರ ಲೇಖನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು 1933ರಲ್ಲಿ. ಮುಂಬೈಯ ಸಾಂಘ್ವಿ, ರಾವ್ ಮತ್ತು ಖಾನೋಲ್ಕರ್ ಅವರು ತಂಬಾಕು ಸೇದುವುದಕ್ಕೂ ಜಗಿಯುವುದಕ್ಕೂ ಬಾಯಿ-ಗಂಟಲಿನ ಕ್ಯಾನ್ಸರಿಗೂ ಇರುವ ನಂಟನ್ನು 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು 1955ರಲ್ಲಿ. ಹಿರಿಯ ವೈದ್ಯರು ಕೇಳಿದ್ದು ಈ ಲೇಖನವನ್ನೇ. ಆಗ ಬೆಳಗಾವಿ ಜಿಲ್ಲೆಯೂ ಮುಂಬೈ ರಾಜ್ಯದಲ್ಲೇ ಇತ್ತು.

ಈಗ ಇನ್ನೊಂದು ಸಾಲು ತಾರೀಖು ನೋಡಿ. ಎಚ್ಚರಿಕೆಯ ಮಾತನ್ನು ಕಡ್ಡಾಯ ಮಾಡಿದ 1975ರ ಕಾಯ್ದೆ ಸಿಗರೇಟಿಗೆ ಮಾತ್ರ ಅನ್ವಯಿಸುತ್ತಿತ್ತು. ಬೀಡಿಯನ್ನೂ ಒಳಗೊಂಡ ಕಾಯ್ದೆ ಬಂದದ್ದು 2003ರಲ್ಲಿ. ಚಿತ್ರಸಹಿತ ಎಚ್ಚರಿಕೆ ಜಾರಿಗೆ ಬಂದದ್ದು 2009ರ ಮೇ 31ರಂದು. 1955ರಿಂದ ಅಲ್ಲಿಗೆ 54 ವರ್ಷ.

ನನ್ನ 'ಕಳೆದ 10 ವರ್ಷ' ಎಂಬ ಆಯ್ಕೆ ಮಾಡಿದ ಅನ್ಯಾಯ ಇದು. ಹಳೆಯ ಲೇಖನಗಳು ಮರೆಯಾದುದಷ್ಟೇ ಅಲ್ಲ, ತಂಬಾಕಿನ ಹಾನಿ ನಿನ್ನೆ ಮೊನ್ನೆ ಗೊತ್ತಾದ ಸುದ್ದಿಯಂತೆ ಕಾಣತೊಡಗಿತು. ಹೊಸ ಸುದ್ದಿಯಾದರೆ ತಡವಾಯಿತೆಂದು ಯಾರನ್ನೂ ಕೇಳುವಂತಿಲ್ಲ. ಇಂದು ಬೀಡಿ ಕಟ್ಟುವ ತಾಯಿಯ ಅತ್ತೆಯ ಕಾಲಕ್ಕೇ ಈ ಮಾತು ಗೊತ್ತಿತ್ತು ಎನ್ನುವುದು ಬೇರೆ. ಆಗ ಅದು ಸುದ್ದಿಯಲ್ಲ, ತೀರಿಸದೆ ಉಳಿದ ಸಾಲ.

ತಾರೀಖಿನ ಮಿತಿ ಯಾವಾಗ?

ಹಾಗೆಂದು ಮಿತಿಯೇ ತಪ್ಪು ಎನ್ನಲಾಗದು. ಹುಡುಕುವ ವಸ್ತುವಿಗೇ ಒಂದು ಹುಟ್ಟಿದ ದಿನ ಇದ್ದರೆ ಮಿತಿ ಹಾಕಬಹುದು. ಏಡ್ಸ್ ಮೊದಲು ವರದಿಯಾದದ್ದು 1981ರಲ್ಲಿ. ಅದಕ್ಕೆ 1950ರ ಪುಟ ತಿರುವುವುದು ಹೆಚ್ಚಿನ ಸಂದರ್ಭಗಳಲ್ಲಿ ವ್ಯರ್ಥ. ಹಿಂದೆ ಯಾರೋ ಪೂರ್ತಿ ಹುಡುಕಿ ನಿಲ್ಲಿಸಿದ ದಿನದಿಂದ ಮುಂದುವರಿಸುವಾಗಲೂ ಮಿತಿ ಸರಿಯೇ. ಆದರೆ ಪಟ್ಟಿ ಉದ್ದವಾಯಿತೆಂಬ ಬೇಸರಕ್ಕೆ ಹಾಕುವ ಮಿತಿ ನಮ್ಮ ಅನುಕೂಲ, ವಿಷಯದ ಅಗತ್ಯವಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯನ್ನೇ ನೋಡಿ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪುಣೆಯ ವಿಜ್ಞಾನಿಗಳು ಆ ವೈರಾಣುವನ್ನು ಗುರುತಿಸಿದ್ದು 1957ರಲ್ಲಿ. 1966ರಿಂದ ಹುಡುಕಿದವರಿಗೆ ಆ ರೋಗದ ಜನ್ಮಪತ್ರಿಕೆಯೇ ಸಿಗುವುದಿಲ್ಲ.

ಈಗ ಮೆಡ್‌ಲೈನ್ ಹಿಂದಕ್ಕೆ 1940ರ ದಶಕದವರೆಗೆ ಬೆಳೆದಿದೆ. ಆದರೂ ಎರಡು ತೊಡಕುಗಳು ಉಳಿದಿವೆ. ಮೊದಲನೆಯದು, 1975ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಲೇಖನದ ಸಾರಾಂಶವಿಲ್ಲ. ನೀವು ಕೇಳಿದ ಪದ ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ಲೇಖನ ಕೈತಪ್ಪಿ ಹೋಗಬಹುದು. ಎರಡನೆಯದು ನಮ್ಮ ಗಡಿ ಭಾಗಕ್ಕೆ ವಿಶೇಷವಾದದ್ದು. ಈ ತಾಲ್ಲೂಕುಗಳ ಹಳೆಯ ಕಾಗದಪತ್ರಗಳನ್ನು 'ಕರ್ನಾಟಕ' ಎಂದು ಹುಡುಕಿದರೆ ಪ್ರಯೋಜನವಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯ, 1956ರ ನವೆಂಬರ್ ತನಕ ಮುಂಬೈ ರಾಜ್ಯ, 1973ರ ನವೆಂಬರ್ ತನಕ ಮೈಸೂರು ರಾಜ್ಯ. ಹಳೆಯ ಮನೆ ಹುಡುಕಿ ಹೋಗುವವರು ಓಣಿಯ ಹಳೆಯ ಹೆಸರನ್ನೂ ತಿಳಿದಿರಬೇಕಲ್ಲವೇ?

ರಾಯಬಾಗ, ಕುಡಚಿ, ಉಗಾರದಲ್ಲಿ ರೈಲು ಹತ್ತಿ ಮಿರಜದ ಆಸ್ಪತ್ರೆಗೆ ಹೋಗುವ ರೋಗಿಗೆ ಈ ಸೂಚಿಗಳ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಬೆಳಗಾವಿಯಲ್ಲೋ ಮಿರಜದಲ್ಲೋ ವೈದ್ಯಕೀಯ ಓದುತ್ತಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಒಂದು ಮಾತು ಕೇಳಿ: "ಎಷ್ಟರ ಇಸವಿಯಿಂದ ಹುಡುಕಿದಿ? ಅದಕ್ಕಿಂತ ಹಿಂದೆ ಏನಿತ್ತು?" ಪರದೆ ಸುಮ್ಮನಿದೆ ಎಂದ ಮಾತ್ರಕ್ಕೆ ಹಿಂದಿನವರು ಸುಮ್ಮನಿದ್ದರು ಎಂದು ಅರ್ಥವಲ್ಲ.

ನಮ್ಮ ಸಂವಾದದ ಮೊದಲ ಪ್ರಶ್ನೆಯನ್ನು ನಾನು ಬದಲಿಸಿದೆ. 'ತಂಬಾಕಿನಿಂದ ಏನು ಹಾನಿ?' ಎಂದಿದ್ದುದನ್ನು ಹೊಡೆದು ಹಾಕಿ, 'ಈ ಹಾನಿ ಎಂದಿನಿಂದ ಗೊತ್ತಿತ್ತು?' ಎಂದು ಬರೆದೆ. ಹಿರಿಯ ವೈದ್ಯರು ಓದಿ, "ಈಗ ಕೂತು ಮಾತಾಡೂಣು ನಡೀರಿ" ಎಂದರು.