ಚಿತ್ರಾವತಿ: ಹರಿವು ಮತ್ತು ಹೆಸರು

ಮಂಡಿಕಲ್ಲಿಗೆ ದಕ್ಷಿಣದಲ್ಲಿರುವ ನಂದಿಯ ಬೆಟ್ಟಸಾಲು ನಮ್ಮ ನಾಡಿನ ಗಣ್ಯ ಜಲವಿಭಾಜಕಗಳಲ್ಲೊಂದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಪಘ್ನಿ, ಚಿತ್ರಾವತಿ ಎಂಬ ಐದು ಹೊಳೆಗಳು ಈ ಸಾಲಿನಲ್ಲಿಯೋ ಅದರ ಆಸುಪಾಸಿನಲ್ಲಿಯೋ ಉದಿಸಿ ಬೇರೆ ಬೇರೆ ದಿಕ್ಕುಗಳಿಗೆ ಇಳಿಯುತ್ತವೆ. ಇವುಗಳಲ್ಲಿ ಒಂದಾದ ಚಿತ್ರಾವತಿಯ ಹರಿವನ್ನೂ ಹೆಸರನ್ನೂ ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಚಿಕ್ಕಬಳ್ಳಾಪುರದ ಸಮೀಪದಲ್ಲಿ ಹುಟ್ಟುವ ಈ ಹೊಳೆಯು ಉತ್ತರಾಭಿಮುಖವಾಗಿ ಬಾಗೇಪಲ್ಲಿಯನ್ನು ಹಾಯ್ದು ಆಂಧ್ರ ಸೀಮೆಯನ್ನು ಪ್ರವೇಶಿಸುತ್ತದೆ. ಅಲ್ಲಿ ಪುಟ್ಟಪರ್ತಿಯ ಪಕ್ಕದಲ್ಲಿ ಹರಿದು, ಬುಕ್ಕಪಟ್ಟಣದ ದೊಡ್ಡ ಕೆರೆಗೆ ನೀರುಣಿಸಿ, ಕೊನೆಗೆ ಕಡಪ ಜಿಲ್ಲೆಯಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೆಟ್ಟಸೀಮೆಯಲ್ಲಿ ಹುಟ್ಟಿ ಅಗಲಿದ ಹೊಳೆಗಳೆರಡು ದೂರದ ನಾಡಿನಲ್ಲಿ ಮತ್ತೆ ಕೂಡುವುದು ಗಮನಾರ್ಹ. ಮಳೆಯನ್ನೇ ನಂಬಿದ ಈ ಹೊಳೆಯ ಪಾತ್ರವು ವರ್ಷದ ಬಹುಭಾಗ ಬರಿಯ ಮರಳಾಗಿಯೇ ಕಾಣುತ್ತದೆ.

ಇನ್ನು ಹೆಸರಿನ ವಿಚಾರ. ‘ಚಿತ್ರಾವತಿ’ ಎಂಬುದು ಸಂಸ್ಕೃತ ಪದ. ಚಿತ್ರವನ್ನು, ಎಂದರೆ ಬಗೆಬಗೆಯ ಬಣ್ಣವನ್ನು, ಉಳ್ಳದ್ದು ಎಂದು ಅದರ ಅರ್ಥ. ವೇದಾವತಿ, ಹೇಮಾವತಿ, ಅರ್ಕಾವತಿ ಮೊದಲಾದವು ಇದೇ ಅಚ್ಚಿನ ಹೆಸರುಗಳು. ಇಂತಹ ಹೆಸರುಗಳ ಹಿಂದೆ ಕೆಲವೆಡೆ ದೇಶ್ಯ ನಾಮವೊಂದು ಇರುವುದುಂಟು. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಮಾಡಿಕೊಂಡ ನೀರಿನ ಒಪ್ಪಂದದ ಮೊದಲನೆಯ ಅನುಬಂಧವೇ ಇದಕ್ಕೆ ಸಾಕ್ಷಿ. ಅಲ್ಲಿ ಹೆಸರಿಸಿದ 15 ಮುಖ್ಯ ನದಿಗಳಲ್ಲಿ ಸುವರ್ಣಾವತಿಗೆ ಹೊನ್ನುಹೊಳೆಯೆಂದೂ, ವೇದಾವತಿಗೆ ಹಗರಿಯೆಂದೂ, ಉತ್ತರ ಪಿನಾಕಿನಿಗೆ ಪೆನ್ನಾರ್ ಎಂದೂ ಎರಡೆರಡು ಹೆಸರುಗಳಿವೆ. ಹೊನ್ನುಹೊಳೆಯಲ್ಲಿ ಎರಡು ಹೆಸರುಗಳ ಅರ್ಥವೂ ಒಂದೇ, ಹಗರಿಯಲ್ಲಿ ಹಾಗಿಲ್ಲ. ಚಿತ್ರಾವತಿ, ಪಾಪಘ್ನಿಗಳಿಗಾದರೋ ಒಂದೊಂದೇ ಹೆಸರು. ಪಾಪಘ್ನಿಯನ್ನು ‘ಪಾಪಾಗ್ನಿ’ ಎಂದು ಬರೆಯುವ ರೂಢಿ ಈಗ ಬೆಳೆದಿದೆ. ಪಾಪವನ್ನು ನಾಶಮಾಡುವವಳು ಎಂಬ ಅರ್ಥವು ಒಂದಕ್ಷರದ ವ್ಯತ್ಯಾಸದಿಂದ ಬೆಂಕಿಯ ಕಡೆಗೆ ತಿರುಗಿರುವುದನ್ನು ವಿದ್ಯಾರ್ಥಿಗಳು ಲಕ್ಷಿಸಬೇಕು.

ಹೆಸರುಗಳ ಈ ಚರ್ಚೆ ಕೇವಲ ಪಂಡಿತರ ವಿನೋದವೆಂದು ಯಾರೂ ಭಾವಿಸಬಾರದು. ಆ ಅನುಬಂಧದಲ್ಲಿ ಹೆಸರು ಸೇರಿದ ನದಿಗೆ ಮದ್ರಾಸ್ ಸರ್ಕಾರದ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯವನ್ನು ಕಟ್ಟುವಂತಿರಲಿಲ್ಲ. ಕೆಳಗಿನ ಸೀಮೆಯವರು ಅದಾಗಲೇ ಅನುಭವಿಸುತ್ತಿದ್ದ ಹಕ್ಕುಗಳ ರಕ್ಷಣೆಗಲ್ಲದೆ ಮದ್ರಾಸ್ ಸಹ ಆ ಸಮ್ಮತಿಯನ್ನು ನಿರಾಕರಿಸುವಂತಿರಲಿಲ್ಲ. ಹೀಗೆ ಮೇಲಿನ ಊರುಗಳ ಬಾಯಾರಿಕೆಯೂ ಕೆಳಗಿನ ಹಳೆಯ ಕೆರೆಗಳ ಹಕ್ಕೂ ಒಂದೇ ತಕ್ಕಡಿಯಲ್ಲಿ ನಿಂತವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬಾಗೇಪಲ್ಲಿಯ ಬಳಿ ಪರಗೋಡಿನಲ್ಲಿ, ಕುಡಿಯುವ ನೀರಿಗಾಗಿ, ಚಿತ್ರಾವತಿಗೆ ಅಣೆ ಕಟ್ಟಲು ಹೊರಟಾಗ ಆಂಧ್ರಪ್ರದೇಶವು ಆಕ್ಷೇಪಿಸಿದುದು ಈ ಹಳೆಯ ತೂಗಾಟದ ಮುಂದುವರಿಕೆಯೇ ಆಗಿದೆ.

ಸಣ್ಣ ಹೊಳೆಯೆಂದು ಚರಿತ್ರಕಾರರು ಇಂತಹವನ್ನು ಕಡೆಗಣಿಸುವುದು ವಾಡಿಕೆ. ಆದರೆ ಭಾಷೆ ಎರಡಾದರೂ, ಆಡಳಿತ ಬೇರೆಯಾದರೂ, ಚಿತ್ರಾವತಿಯ ದಡಗಳ ಜನರು ಹಂಚಿಕೊಂಡು ಬಾಳಬೇಕಾದ ನೀರು ಒಂದೇ. ನೀರು ಬತ್ತಿದ ತಿಂಗಳುಗಳಲ್ಲಿಯೂ ಬತ್ತದೆ ಉಳಿಯುವುದು ಹೆಸರು. ಆ ಹೆಸರಿನೊಡನೆ ಹಕ್ಕೂ ಹೊಣೆಯೂ ಉಳಿಯುತ್ತವೆ. ಆದ್ದರಿಂದ ನಮ್ಮ ತರುಣ ಸಂಶೋಧಕರು ಹೊಳೆಯ ಹೆಸರನ್ನು ನಿಘಂಟಿನಲ್ಲಿ ಹುಡುಕುವುದರ ಜೊತೆಗೆ ಒಪ್ಪಂದದ ಪತ್ರಗಳಲ್ಲಿಯೂ, ದಡದ ಹಳ್ಳಿಗರ ಮಾತಿನಲ್ಲಿಯೂ ಹುಡುಕುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.