ಅಮ್ಮನ ಮೂಗು

ಹೋದ ಯುಗಾದಿಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗಳು ಚೀಲದಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಒಬ್ಬಟ್ಟಿನ ತಟ್ಟೆಯ ಪಕ್ಕ ಇಟ್ಟಳು. "ಅತ್ತೆ, ಇದು ಹೆಂಡ ಅಲ್ಲ, ಸಿಹಿ ವೈನು. ಊಟ ಆದ ಮೇಲೆ ಒಂದೇ ಒಂದು ಗುಟುಕು" ಎಂದಳು. ಹೆಸರಿಗೆ ಬಿಳಿ ವೈನು. ಬಣ್ಣ ಮಾತ್ರ ಜೇನಿನದು. ಒಳಕೋಣೆಯಲ್ಲಿ ಅಮ್ಮ ಮಲಗಿದ್ದಾಳೆಂದು ನಾನು ಮೊದಲು ಬಾಗಿಲು ಮುಂದೆ ಮಾಡಿದೆ.

ಹೋಳೂರಿನ ಕಡೆ ಹುಟ್ಟಿ ಬೆಳೆದ ನಮಗೆ ಈಚಲ ಮರ ಹೊಸದಲ್ಲ. ಸುಣ್ಣ ಬಳಿದ ಮಡಕೆಯಲ್ಲಿ ನಸುಕಿಗೇ ಇಳಿಸಿದರೆ ಸಿಹಿ ನೀರಾ. ಸುಣ್ಣವಿಲ್ಲದಿದ್ದರೆ ಬಿಸಿಲೇರಿದಂತೆ ಹುಳಿ, ಸಂಜೆಗೆ ಹೆಂಡ. ಅಪ್ಪ ಹೊಸಿಲು ದಾಟುವ ಮೊದಲೇ, ಕುಡಿದದ್ದು ಯಾವ ಹೊತ್ತಿನದೆಂದು ಅಮ್ಮನ ಮೂಗು ಹೇಳಿಬಿಡುತ್ತಿತ್ತು. ಆ ರಾತ್ರಿ ನಾವು ಮಕ್ಕಳು ಎಲ್ಲಿ ಮಲಗಬೇಕೆಂಬುದೂ ಅದರ ಮೇಲೆಯೇ ತೀರ್ಮಾನವಾಗುತ್ತಿತ್ತು.

ವೈನಿನ ಸಿಹಿಯ ಗುಟ್ಟೂ ಇದೇ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ; ನಡುವೆ ತಡೆದರೆ ಸಿಹಿ ಉಳಿಯುತ್ತದೆ. ಇಟಲಿಯ ಮೊಸ್ಕಾಟೊ ದಾಸ್ತಿಯನ್ನು ಹೀಗೆ ಬೇಗನೆ ತಣ್ಣಗೆ ಮಾಡಿ ನಿಲ್ಲಿಸುತ್ತಾರೆ. ಮದ್ಯಸಾರ ಶೇಕಡಾ 5ರ ಆಸುಪಾಸು. ಮಧ್ಯಾಹ್ನದ ಹೊತ್ತು ಹಣ್ಣಿನ ಜೊತೆಗೆ ಸರಿ. ಜರ್ಮನಿಯ ಸಿಹಿ ರೀಸ್ಲಿಂಗ್‌ನಲ್ಲಿ ಹುಳಿಯೂ ಇರುವುದರಿಂದ ಖಾರದ ಊಟಕ್ಕೆ ಹೊಂದುತ್ತದೆ. ಫ್ರಾನ್ಸಿನ ಸೊತೆರ್ನ್ ಬೇರೆಯೇ ಜಾತಿ. ಬಳ್ಳಿಯಲ್ಲೇ ಬೂಷ್ಟು ಹಿಡಿದು ಸುಕ್ಕುಗಟ್ಟಿದ ದ್ರಾಕ್ಷಿ ಅದಕ್ಕೆ ಬೇಕು. ನಾವಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದೆವು. ಅವರು 1855ರಲ್ಲೇ ಅದಕ್ಕೆ ದರ್ಜೆ ಕಟ್ಟಿದರು. ಊಟದ ಕೊನೆಗೆ ಅದು ಒಂದೆರಡು ಗುಟುಕಿನ ಬಾಬತ್ತು. ಸಿಹಿಯೆಂದು ಹಗುರವೆಣಿಸಬೇಡಿ, ಮೊಸ್ಕಾಟೊಗಿಂತ ಎರಡು ಪಟ್ಟು ಮೀರಿದ ಮದ್ಯಸಾರ ಅದರಲ್ಲಿದೆ. ನಮ್ಮ ಹುಡುಗಿ ತಂದದ್ದು ನಾಸಿಕದ ಕಡೆಯದು, ತಡವಾಗಿ ಕೊಯ್ದ ಶೆನಿನ್ ಬ್ಲಾಂಕ್ ದ್ರಾಕ್ಷಿಯದು.

ನಮ್ಮ ಸೀಮೆಗೂ ವೈನು ತೀರ ಪರಕೀಯವಲ್ಲ. ಕೆ.ಜಿ.ಎಫ್.ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕಪ್ಪು ದ್ರಾಕ್ಷಿಯ ಸಿಹಿ ವೈನನ್ನು ಹೆಂಗಸರೇ ಜಾಡಿಯಲ್ಲಿ ಹಾಕಿಡುತ್ತಿದ್ದರು, ನಾವು ಉಪ್ಪಿನಕಾಯಿ ಹಾಕಿದ ಹಾಗೆ. 1980ರ ದಶಕದ ಕೊನೆಗೆ ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬದವರು ಫ್ರೆಂಚ್ ತಳಿಯ ಬಳ್ಳಿ ನೆಟ್ಟರು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕೂಲಿಯ ದುಡ್ಡೆಲ್ಲ ಪ್ಯಾಕೆಟ್ಟಿಗೆ ಸುರಿಯುವುದನ್ನು ಕಂಡ ಹೆಂಗಸರು ಎಷ್ಟೋ ಊರುಗಳಲ್ಲಿ ಅಂಗಡಿಯ ಮುಂದೆ ಕೂತು ಕೂಗಿದ್ದರು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿಯನ್ನೂ ತಂದಿತು. ದ್ರಾಕ್ಷಿ ಬೆಳೆದವನಿಗೆ ನಾಲ್ಕು ಕಾಸು ಸಿಗಲಿ, ನನ್ನ ತಕರಾರಿಲ್ಲ. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತೇ ಹೊರತು ಎಷ್ಟೋ ಮನೆಗಳಲ್ಲಿ ಕುಡಿತ ಹೋಗಲಿಲ್ಲ.

ಒಬ್ಬಟ್ಟು ತಿಂದು ಒಂದು ಗುಟುಕು ಕುಡಿದೆ. ಹುಳಿ! ಮೈಸೂರು ಪಾಕು ತಿಂದು ಕಾಫಿ ಕುಡಿದರೆ ಸಕ್ಕರೆಯೇ ಇಲ್ಲ ಅನ್ನಿಸುವುದಿಲ್ಲವೇ, ಹಾಗೆ. ತಿಂಡಿಗಿಂತ ವೈನೇ ಹೆಚ್ಚು ಸಿಹಿ ಇರಬೇಕಂತೆ. ಬಾಯಿ ಮುಕ್ಕಳಿಸಿ ಗೋಡಂಬಿ ತಿಂದು ಮತ್ತೆ ಕುಡಿದೆ. ಸುಳ್ಳೇಕೆ, ಚೆನ್ನಾಗಿತ್ತು.

ಲೋಟ ತೊಳೆದು, ಎಲಕ್ಕಿ ಅಗಿದು, ಅಮ್ಮನಿಗೆ ಮಾತ್ರೆ ಕೊಡಲು ಒಳಗೆ ಹೋದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಯಾರೇ ಕುಡಿದು ಬಂದಿರೋದು?"