ಪ್ಯಾರಾಚೂಟ್ ಯೋಧ ರಿಚರ್ಡ್ ವಿಂಟರ್ಸ್

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ದೂರದ ಅಮೆರಿಕಾದ ಸಿಪಾಯಿಯ ಕಥೆ ಯಾಕಪ್ಪಾ ಅಂತ ಸದಸ್ಯ ಬಾಂಧವರು ಕೇಳಬಹುದು. ಪೂರ್ತಿ ಓದಿದರೆ ಅವರು ನಮಗೆ ಅಷ್ಟೇನೂ ದೂರದವರಲ್ಲ ಅನ್ನಿಸೀತು.

ರಿಚರ್ಡ್ ವಿಂಟರ್ಸ್ 1918ರ ಜನವರಿ 21ರಂದು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜನಿಸಿದರು. ಬೆಳೆದದ್ದು ಲ್ಯಾಂಕಾಸ್ಟರ್ ಪಟ್ಟಣದಲ್ಲಿ. ಸುತ್ತಮುತ್ತ ಹೊಲಗದ್ದೆ, ಹೈನುಗಾರಿಕೆ. ತಂದೆ ವಿದ್ಯುತ್ ಕಂಪನಿಯಲ್ಲಿ ಮೇಸ್ತ್ರಿ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಹುಡುಗ ಹುಲ್ಲು ಕತ್ತರಿಸಿ, ದಿನಸಿ ಅಂಗಡಿಯಲ್ಲಿ ದುಡಿದು, ಹೈಟೆನ್ಷನ್ ಕಂಬಗಳಿಗೆ ಬಣ್ಣ ಹೊಡೆದು ಕಾಲೇಜಿನ ಖರ್ಚು ಹೊಂದಿಸಿಕೊಂಡ. 1941ರಲ್ಲಿ ಪದವೀಧರನಾದ.

ಆಗ ಅಮೆರಿಕಾದಲ್ಲಿ 1940ರ ಕಾಯಿದೆ ಪ್ರಕಾರ ತರುಣರನ್ನು ಚೀಟಿ ಎತ್ತಿ ಸೈನ್ಯಕ್ಕೆ ಕರೆಯುತ್ತಿದ್ದರು. ಕರೆ ಬರೋ ತನಕ ಕಾಯೋದಕ್ಕಿಂತ ತಾವೇ ಸೇರಿ, ಬೇಗ ಮುಗಿಸಿ, ಮನೆಗೆ ಬಂದುಬಿಡೋಣ ಎಂಬುದು ವಿಂಟರ್ಸ್ ಅವರ ಲೆಕ್ಕ. ಆಗಸ್ಟ್ 25ರಂದು ಸೇರಿದರು. ಆದರೆ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಲೆಕ್ಕವೆಲ್ಲ ತಲೆಕೆಳಗಾಯಿತು.

1942ರ ಜುಲೈ 2ರಂದು ಅವರು ಸೆಕೆಂಡ್ ಲೆಫ್ಟಿನೆಂಟ್ ಆದರು. ಪ್ಯಾರಾಚೂಟ್ ದಳಕ್ಕೆ ಯಾರನ್ನೂ ಬಲವಂತದಿಂದ ಸೇರಿಸುತ್ತಿರಲಿಲ್ಲ; ಇಷ್ಟವಿದ್ದವರೇ ಮುಂದೆ ಬರಬೇಕಿತ್ತು. ವಿಂಟರ್ಸ್ ಬಂದರು. ಜಾರ್ಜಿಯಾದ ಟೊಕೊವಾ ಶಿಬಿರದಲ್ಲಿ ಕರಾಹಿ ಗುಡ್ಡವನ್ನು ಮೂರು ಮೈಲಿ ಹತ್ತಿ, ಮೂರು ಮೈಲಿ ಇಳಿದು ಓಡಬೇಕಿತ್ತು. ವಿಮಾನದಿಂದ ಐದು ಸಲ ಧುಮುಕಿದ ಮೇಲೆಯೇ ಎದೆಗೆ ರೆಕ್ಕೆಯ ಬಿಲ್ಲೆ.

1944ರ ಜೂನ್ 6ರ ನಡುರಾತ್ರಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಧುಮುಕುವಾಗ ಅವರ ಬಂದೂಕೇ ಕಳೆದುಹೋಯಿತು. ದಳಪತಿಯ ವಿಮಾನವೂ ಬಿದ್ದಿತ್ತು. ಹೊಣೆ ಇವರ ಹೆಗಲಿಗೆ ಬಂತು. ಬೆಳಗಾದ ಮೇಲೆ ಬೆರಳೆಣಿಕೆಯ ಸಂಗಡಿಗರೊಂದಿಗೆ ಬ್ರೆಕೂರ್‌ನಲ್ಲಿ ಜರ್ಮನರ ನಾಲ್ಕು ಫಿರಂಗಿಗಳನ್ನು ನಾಶಮಾಡಿದರು. ಆ ರಾತ್ರಿ ದೇವರಿಗೆ ಕೈಮುಗಿದು, ಬದುಕಿ ಉಳಿದರೆ ಎಲ್ಲಾದರೂ ಒಂದು ತುಂಡು ನೆಲ ಕೊಂಡು ನೆಮ್ಮದಿಯಾಗಿರುತ್ತೇನೆ ಎಂದು ಸಂಕಲ್ಪ ಮಾಡಿಕೊಂಡರಂತೆ.

ಮಾತು ಉಳಿಸಿಕೊಂಡರು. 1951ರಲ್ಲಿ ಪೆನ್ಸಿಲ್ವೇನಿಯಾದಲ್ಲೇ ಜಮೀನು ಕೊಂಡರು. ಮುಂದೆ ರೈತರಿಗೆ ಪಶು ಆಹಾರ ಮಾರುತ್ತಾ ಜೀವನ ಸಾಗಿಸಿದರು. ಶೌರ್ಯ ಪದಕ ಪಡೆದವರು ಹಿಂಡಿ ಬೂಸಾ ಮಾರೋದು ಕೀಳೆಂದು ಭಾವಿಸಲಿಲ್ಲ. 2011ರ ಜನವರಿ 2ರಂದು, 92ನೇ ವಯಸ್ಸಿನಲ್ಲಿ ಕಾಲವಾದರು.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಅಂತ ನಾವು ಹೇಳುತ್ತೇವೆ. ರಾತ್ರಿ ಕತ್ತಲಲ್ಲಿ, ಮುಂದೆ ನಿಂತು, ಅದನ್ನು ನಡೆದು ತೋರಿಸಿದವರು ಇವರು. ನಮ್ಮ ಹುಡುಗರೂ ಓದಲಿ.